ನಡುರಾತ್ರಿ ನಾಗಪುರದಲ್ಲಿ ಇಳಿದ ನಾಲ್ಕು ವಿಮಾನಗಳು



ಈ ಸಲ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇವೆ. ನಾಗಪುರದ ಸದರ್ ಬಡಾವಣೆಯಿಂದ ಹೊರಟು, ಮೆಟ್ರೋ ರೈಲು ಹತ್ತಿ, ಊರಿನ ದಕ್ಷಿಣದಲ್ಲಿರುವ ವಿಮಾನ ನಿಲ್ದಾಣದವರೆಗೆ ಹೋಗಿ ಬರೋಣ. ದಾರಿ ಹೆಚ್ಚೇನಿಲ್ಲ, ಹೇಳಬೇಕಾದ ಕಥೆ ಮಾತ್ರ ನೂರು ವರ್ಷಕ್ಕೂ ಹಿಂದಿನಿಂದ ಶುರುವಾಗುತ್ತದೆ.

ನಮ್ಮಲ್ಲಿ ಎಷ್ಟೋ ಜನ ಊರು ಬಿಟ್ಟು ಬಂದವರು. ಒಂದು ಕಾಲಕ್ಕೆ ಊರಿನ ಸುದ್ದಿ ಎಂದರೆ ಕಾಗದ. ಪೋಸ್ಟ್‌ಮನ್ ಸೈಕಲ್ ಗಂಟೆ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದ ಕಾಲ ಅದು. ಆ ಕಾಗದಗಳು ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೇಗೆ ಬರುತ್ತಿದ್ದವು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಸುಮಾರು ಇಪ್ಪತ್ತನಾಲ್ಕು ವರ್ಷ ಅವುಗಳಲ್ಲಿ ಬಹಳಷ್ಟು ಕಾಗದಗಳು ರಾತ್ರಿ ಹೊತ್ತು, ನಾವೆಲ್ಲ ನಿದ್ದೆಯಲ್ಲಿದ್ದಾಗ, ನಾಗಪುರದಲ್ಲಿ ಇಳಿದು ವಿಮಾನ ಬದಲಾಯಿಸಿ ಹೋಗುತ್ತಿದ್ದವು!

ಸದರ್‌ನಿಂದ ಸೋನೆಗಾಂವ್‌ಗೆ

ಸದರ್ ನಾಗಪುರದ ಹಳೆಯ ಪೇಟೆಗಳಲ್ಲಿ ಒಂದು. ಪಕ್ಕದಲ್ಲೇ ಸಿವಿಲ್ ಲೈನ್ಸ್. ನಾಗಪುರವು ಮಧ್ಯ ಪ್ರಾಂತ್ಯದ ರಾಜಧಾನಿಯಾಗಿದ್ದಾಗ ಸಾಹೇಬರ ಕಚೇರಿಗಳು, ಬಂಗಲೆಗಳು ಇದ್ದ ಜಾಗ. ಇಲ್ಲಿಂದ ಕಸ್ತೂರ್‌ಚಂದ್ ಪಾರ್ಕ್ ಮೆಟ್ರೋ ನಿಲ್ದಾಣ ಹತ್ತಿರ. ಅಲ್ಲಿ ರೈಲು ಹತ್ತಿದರೆ ಮುಂದಿನದು ಝೀರೋ ಮೈಲ್, ಆಮೇಲೆ ಸೀತಾಬರ್ಡಿ.

ಝೀರೋ ಮೈಲ್ ಎಂಬ ಹೆಸರು ಅಲ್ಲಿರುವ ಮರಳುಗಲ್ಲಿನ ಕಂಬದಿಂದ ಬಂದದ್ದು. ಬ್ರಿಟಿಷರ ಕಾಲದ ಭೂಮಾಪನ ಇಲಾಖೆಯ 1907ರ ಗುರುತುಕಲ್ಲೂ ಅಲ್ಲೇ ಇದೆ. ಇದೇ ಭಾರತದ ನಟ್ಟನಡುವೆ ಎಂದು ನಾಗಪುರದವರು ಹೆಮ್ಮೆಯಿಂದ ಹೇಳುತ್ತಾರೆ. ಅಳತೆ ಹಿಡಿದು ವಾದ ಮಾಡುವವರು ಮಾಡಲಿ. ನಕಾಶೆ ಬಿಡಿಸಿ ನೋಡಿದರೆ ಮಾತು ಪೂರ್ತಿ ಸುಳ್ಳಲ್ಲ ಎಂದು ನಿಮಗೇ ಗೊತ್ತಾಗುತ್ತದೆ. ಇಲ್ಲಿಂದ ನೇರ ಹಾರಿದರೆ ಮುಂಬೈ ಸುಮಾರು 680 ಕಿಲೋಮೀಟರ್, ದೆಹಲಿ ಸುಮಾರು 850, ಚೆನ್ನೈ ಸುಮಾರು 900, ಕೋಲ್ಕತ್ತ ಸುಮಾರು 980. ನಾಲ್ಕು ಮಹಾನಗರಗಳಿಗೂ ಹೆಚ್ಚುಕಡಿಮೆ ಒಂದೇ ದೂರ. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೆಟ್ರೋ ಅಜನಿ, ಛತ್ರಪತಿ ಚೌಕ ದಾಟಿ ಏರ್‌ಪೋರ್ಟ್ ನಿಲ್ದಾಣಕ್ಕೆ ಬರುತ್ತದೆ. ಈ ಮಾರ್ಗ ಶುರುವಾಗಿದ್ದು 2019ರಲ್ಲಿ. ವಿಮಾನ ನಿಲ್ದಾಣದ ಈಗಿನ ಹೆಸರು ಡಾ. ಬಾಬಾಸಾಹೇಬ ಅಂಬೇಡ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಹಳಬರ ಬಾಯಲ್ಲಿ ಮಾತ್ರ ಅದು ಇನ್ನೂ ಸೋನೆಗಾಂವ್.

ಯುದ್ಧ ಕಟ್ಟಿದ ನಿಲ್ದಾಣ

ಸೋನೆಗಾಂವ್‌ನಲ್ಲಿ ವಿಮಾನ ಇಳಿಯುವ ಬಯಲು ಸಿದ್ಧವಾಗಿದ್ದು 1917-18ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ. ಅಂದರೆ ಅದು ಹುಟ್ಟಿದ್ದೇ ಸೈನ್ಯಕ್ಕಾಗಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಅಲ್ಲಿನ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ, ದೂರ ಹೋಗುವ ವಿಮಾನಗಳು ನಡುವೆ ತಂಗಿ ಪೆಟ್ರೋಲ್ ತುಂಬಿಕೊಳ್ಳುವ ಜಾಗವಾಗಿ ಬಳಸಿಕೊಂಡಿತು. ಬ್ರಿಟಿಷರು ಹೊರಟಾಗ ನಿಲ್ದಾಣ ಭಾರತ ಸರ್ಕಾರದ ಕೈಗೆ ಬಂತು.

ನಮ್ಮ ಕರ್ನಾಟಕದ ಕಥೆಯೂ ಬೇರೆಯಲ್ಲ. ಬೆಳಗಾವಿಯ ಸಾಂಬ್ರಾ ನಿಲ್ದಾಣ 1942ರಲ್ಲಿ ಯುದ್ಧಕ್ಕಾಗಿಯೇ ಆದದ್ದು. ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ನಮ್ಮ ಎಚ್‌ಎಎಲ್. ಯುದ್ಧದ ವರ್ಷಗಳಲ್ಲಿ ಅಮೆರಿಕದ ಸೈನ್ಯದ ವಿಮಾನಗಳು ಅಲ್ಲಿ ರಿಪೇರಿಯಾಗುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳಿಗಂತೂ ಬೆಳ್ಳಂದೂರು ಕೆರೆಯೇ ರನ್‌ವೇ ಆಗಿತ್ತು. ಇಂದು ಆ ಕೆರೆಯ ಪಕ್ಕದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ಇದನ್ನು ನಂಬುವುದು ಕಷ್ಟ!

ಕಾಗದಕ್ಕೆ ರೆಕ್ಕೆ ಬಂದದ್ದು

ವಿಮಾನದಲ್ಲಿ ಟಪಾಲು ಸಾಗಿಸುವುದು ನಮ್ಮ ದೇಶಕ್ಕೆ ಹೊಸದಾಗಿರಲಿಲ್ಲ. 1911ರ ಫೆಬ್ರವರಿ 18ರಂದು ಫ್ರಾನ್ಸಿನ ಆನ್ರಿ ಪೆಕೆ ಎಂಬ ತರುಣ ಅಲಹಾಬಾದಿನಿಂದ ಯಮುನೆಯ ಆಚೆಯ ನೈನಿಗೆ ಕೆಲವು ಸಾವಿರ ಕಾಗದಗಳನ್ನು ಹೊತ್ತು ಹಾರಿದ. ದೂರ ಹತ್ತು ಕಿಲೋಮೀಟರ್ ಕೂಡ ಇಲ್ಲ. ಆದರೂ ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಎಂದು ಚರಿತ್ರೆ ಅದನ್ನೇ ಗುರುತಿಸುತ್ತದೆ. 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಬೊಂಬಾಯಿಗೆ ಅಂಚೆ ವಿಮಾನ ತಂದರು. ಅಲ್ಲಿಂದ ಅದನ್ನು ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ.

ಆದರೆ ಇವೆಲ್ಲ ಹಗಲಿನ ಹಾರಾಟಗಳು. ಇಲ್ಲೇ ಒಂದು ತೊಡಕಿತ್ತು. ಜನ ಕಾಗದ ಬರೆದು ಡಬ್ಬಿಗೆ ಹಾಕುವುದು ಸಂಜೆಯವರೆಗೆ, ಅಂಚೆ ಕಚೇರಿ ಅದನ್ನು ವಿಂಗಡಿಸಿ ಚೀಲ ಕಟ್ಟುವಾಗ ರಾತ್ರಿ. ಹಗಲಿನ ವಿಮಾನಕ್ಕೆ ಕಾಯುವುದೆಂದರೆ ಒಂದು ಇಡೀ ರಾತ್ರಿ ಕಾಗದ ಸುಮ್ಮನೆ ಬಿದ್ದಿರುವುದು. ಮರುದಿನ ವಿಮಾನ ತಲುಪುವ ಹೊತ್ತಿಗೆ ಆ ಊರಿನ ಪೋಸ್ಟ್‌ಮನ್ ಬೆಳಗಿನ ಸುತ್ತು ಮುಗಿಸಿಬಿಟ್ಟಿರುತ್ತಾನೆ. ಹಾಗಾದರೆ ರಾತ್ರಿಯೇ ಹಾರಿದರೆ?

ಸ್ವಾತಂತ್ರ್ಯ ಬಂದ ಹೊಸತು. ರಫಿ ಅಹ್ಮದ್ ಕಿದ್ವಾಯಿ ಅವರು ಕೇಂದ್ರದಲ್ಲಿ ಸಂಪರ್ಕ ಸಚಿವರು. 1949ರ ಜನವರಿಯಲ್ಲಿ ರಾತ್ರಿ ಅಂಚೆ ವಿಮಾನ ಸೇವೆ ಆರಂಭವಾಯಿತು. ಅದೇ ವರ್ಷ ಏಪ್ರಿಲ್ 1ರಿಂದ ಇನ್ನೊಂದು ಹೆಜ್ಜೆ: ದೇಶದೊಳಗಿನ ಕಾಗದಗಳು ವಿಮಾನದಲ್ಲಿ ಬೇಗ ತಲುಪುವಂತಿದ್ದರೆ ಹೆಚ್ಚಿನ ಶುಲ್ಕವಿಲ್ಲದೆ, ಮಾಮೂಲಿ ದರದಲ್ಲೇ ವಿಮಾನದಲ್ಲಿ ಹೋಗತೊಡಗಿದವು. ವಿಮಾನದ ಮೆಟ್ಟಿಲನ್ನು ಎಂದೂ ಹತ್ತದ ಬಡವನ ಕಾಗದ ವಿಮಾನ ಹತ್ತಿತು. ಹೊಸ ದೇಶ ತನ್ನ ಪ್ರಜೆಗಳಿಗೆ ಕೊಟ್ಟ ಸಣ್ಣ, ಆದರೆ ನಿಜವಾದ ಉಡುಗೊರೆ ಇದು.

ಒಂದು ಲೆಕ್ಕ, ಒಂದು ರಾತ್ರಿ

ಈಗ ಆ ದೂರದ ಅಂಕಿಗಳನ್ನು ನೆನಪಿಸಿಕೊಳ್ಳಿ. ದೆಹಲಿ, ಬೊಂಬಾಯಿ, ಕಲ್ಕತ್ತ, ಮದ್ರಾಸು. ಈ ನಾಲ್ಕು ಊರುಗಳಲ್ಲಿ ಪ್ರತಿಯೊಂದರಿಂದ ಉಳಿದ ಮೂರಕ್ಕೂ ನೇರ ವಿಮಾನ ಕಳುಹಿಸಬೇಕಾದರೆ ಒಂದು ರಾತ್ರಿಗೆ ಹನ್ನೆರಡು ಹಾರಾಟ ಬೇಕು. ಅಷ್ಟು ವಿಮಾನ ಎಲ್ಲಿಂದ ತರುವುದು? ಅದರ ಬದಲು ನಾಲ್ಕೂ ಊರಿನಿಂದ ಒಂದೊಂದು ವಿಮಾನ ನಡುವಿನ ನಾಗಪುರಕ್ಕೆ ಬಂದು, ಚೀಲಗಳನ್ನು ಅದಲುಬದಲು ಮಾಡಿಕೊಂಡು ತಮ್ಮ ತಮ್ಮ ಊರಿಗೆ ಮರಳಿದರೆ? ಬರಲು ನಾಲ್ಕು, ಹೋಗಲು ನಾಲ್ಕು. ಎಂಟೇ ಹಾರಾಟದಲ್ಲಿ, ನಾಲ್ಕೇ ವಿಮಾನದಲ್ಲಿ ಕೆಲಸ ಮುಗಿಯಿತು.

ಆಗಿನ ವಿಮಾನ ಡಕೋಟ. ಯುದ್ಧದಲ್ಲಿ ದುಡಿದು, ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಎರಡು ಎಂಜಿನ್‌ನ ವಿಮಾನ. ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗ. ಅಂದರೆ ನಾಲ್ಕು ಊರುಗಳಿಂದಲೂ ನಾಗಪುರಕ್ಕೆ ಮೂರರಿಂದ ನಾಲ್ಕು ಗಂಟೆ. ರಾತ್ರಿ ಹೊರಟರೆ ನಡುರಾತ್ರಿ ದಾಟಿದ ಮೇಲೆ ಸೋನೆಗಾಂವ್. ಅಲ್ಲಿಂದ ಹೊರಟರೆ ಬೆಳಗಾಗುವ ಹೊತ್ತಿಗೆ ಮತ್ತೆ ಸ್ವಂತ ಊರು. ಮದ್ರಾಸಿನಲ್ಲಿ ಸಂಜೆ ಡಬ್ಬಿಗೆ ಬಿದ್ದ ಕಾಗದ ಮರುದಿನ ಬೆಳಗ್ಗೆ ದೆಹಲಿಯಲ್ಲಿ! ರೈಲಿನಲ್ಲಾದರೆ ಅದೇ ಕಾಗದಕ್ಕೆ ಎರಡು ರಾತ್ರಿ ಬೇಕಿತ್ತು.

ಆ ದೃಶ್ಯವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಊರೆಲ್ಲ ಮಲಗಿದೆ. ಬಯಲಿನಲ್ಲಿ ರನ್‌ವೇ ದೀಪಗಳು ಮಾತ್ರ ಉರಿಯುತ್ತಿವೆ. ಉತ್ತರದಿಂದ ಒಂದು, ಪಶ್ಚಿಮದಿಂದ ಒಂದು, ಪೂರ್ವದಿಂದ ಒಂದು, ದಕ್ಷಿಣದಿಂದ ಒಂದು ವಿಮಾನ ಬಂದು ಇಳಿಯುತ್ತವೆ. ಚೀಲಗಳು ಕೈಯಿಂದ ಕೈಗೆ ದಾಟುತ್ತವೆ. ಈ ವಿಮಾನಗಳಲ್ಲಿ ಪ್ರಯಾಣಿಕರೂ ಇರುತ್ತಿದ್ದರು. ಅವರೂ ಕಾಗದಗಳ ಹಾಗೆಯೇ ಇಲ್ಲಿ ಇಳಿದು, ಬೇರೆ ವಿಮಾನ ಹತ್ತಿ ತಮ್ಮ ಊರು ಸೇರಬಹುದಿತ್ತು. 1953ರಲ್ಲಿ ಹೊಸ ಟರ್ಮಿನಲ್ ಕಟ್ಟಡವಾಯಿತು. ಉಪಾಹಾರ, ವಿಶ್ರಾಂತಿ ಕೋಣೆ, ಪುಸ್ತಕದಂಗಡಿ, ವಿಮಾನ ನೋಡಲು ಬರುವವರಿಗೊಂದು ಗ್ಯಾಲರಿ ಕೂಡ ಅಲ್ಲಿತ್ತು. ನಡುರಾತ್ರಿ ಒಂದು ಕಪ್ ಚಹಾ ಕುಡಿಯುತ್ತ ಬಂಗಾಳಿ, ತಮಿಳು, ಹಿಂದಿ, ಗುಜರಾತಿ ಮಾತು ಒಟ್ಟಿಗೆ ಕೇಳಬಹುದಾಗಿದ್ದ ಜಾಗ ದೇಶದಲ್ಲಿ ಆಗ ಎಷ್ಟಿದ್ದಾವು?

ಈ ವ್ಯವಸ್ಥೆಯಲ್ಲಿ ಒಂದು ಕಷ್ಟವೂ ಅಡಗಿತ್ತು. ನಾಲ್ಕರಲ್ಲಿ ಒಂದು ವಿಮಾನ ತಡವಾದರೆ ಉಳಿದ ಮೂರೂ ಕಾಯಬೇಕು, ಇಲ್ಲವೇ ಆ ಊರಿನ ಚೀಲ ಬಿಟ್ಟು ಹೊರಡಬೇಕು. ಮಳೆಗಾಲದಲ್ಲಿ, ಚಳಿಗಾಲದ ಮಂಜಿನಲ್ಲಿ ಈಗಿನ ಹಾಗೆ ದಾರಿ ತೋರುವ ಉಪಗ್ರಹಗಳಿಲ್ಲದ ಕಾಲದಲ್ಲಿ ರಾತ್ರಿ ಹಾರಾಟವೆಂದರೆ ಆಟವಲ್ಲ. ಎಂಟು ಖಾಸಗಿ ಕಂಪನಿಗಳನ್ನು ರಾಷ್ಟ್ರೀಕರಿಸಿ ಇಂಡಿಯನ್ ಏರ್‌ಲೈನ್ಸ್ ಆದದ್ದು 1953ರ ಆಗಸ್ಟ್ 1ರಂದು. ಅದೇ ವರ್ಷ ಡಿಸೆಂಬರ್ 12ರಂದು ಸೋನೆಗಾಂವ್‌ನಿಂದ ಮೇಲೇರಿದ ಅದರ ಡಕೋಟ ವಿಮಾನವೊಂದು ಎಂಜಿನ್ ಕೈಕೊಟ್ಟು ನೆಲಕ್ಕೆ ಬಿತ್ತು. ಹತ್ತು ಮಂದಿ ಪ್ರಯಾಣಿಕರೂ ನಾಲ್ವರು ಸಿಬ್ಬಂದಿಯಲ್ಲಿ ಮೂವರೂ ತೀರಿಕೊಂಡರು. ಆಗಿನ ಕಾಲದ ಹಾರಾಟಕ್ಕೆ ತೆತ್ತ ಬೆಲೆ ಇದು. ಟರ್ಮಿನಲ್ ಹೊಸದಾದ ವರ್ಷವೇ ಈ ದುಃಖವೂ ಬಂತೆಂಬುದನ್ನು ಮರೆಯಬಾರದು.

ಮೂರು ವರ್ಷಗಳ ಬಳಿಕ, 1956ರ ಅಕ್ಟೋಬರ್‌ನಲ್ಲಿ, ಡಾ. ಅಂಬೇಡ್ಕರ್ ದೆಹಲಿಯಿಂದ ವಿಮಾನದಲ್ಲಿ ನಾಗಪುರಕ್ಕೆ ಬಂದರು. ಅಕ್ಟೋಬರ್ 14ರಂದು ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ಆ ಜಾಗವೇ ದೀಕ್ಷಾಭೂಮಿ. ವಿಮಾನ ನಿಲ್ದಾಣಕ್ಕೆ ಅವರ ಹೆಸರು ಏಕೆ ಎಂದು ಯಾರಾದರೂ ಕೇಳಿದರೆ ಈ ಮಾತು ಹೇಳಿ. 2008ರಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾದ ದಿನವೂ ಅವರ ಜಯಂತಿಯೇ, ಏಪ್ರಿಲ್ 14.

ಇಲ್ಲಿ ನಿಂತದ್ದು, ಅಲ್ಲಿ ಬೆಳೆದದ್ದು

ರಾತ್ರಿ ಅಂಚೆ ನಿಂತದ್ದು 1973ರ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. 1964ರಲ್ಲಿ ಫ್ರಾನ್ಸಿನ ಕ್ಯಾರವೆಲ್ ಜೆಟ್, ಆಮೇಲೆ ಬೋಯಿಂಗ್ 737 ಇಂಡಿಯನ್ ಏರ್‌ಲೈನ್ಸ್‌ಗೆ ಬಂದಿದ್ದವು. ದೆಹಲಿಯಿಂದ ಮದ್ರಾಸಿಗೆ ಎರಡೂವರೆ ಮೂರು ಗಂಟೆಯಲ್ಲಿ ನೇರ ಹಾರುವಾಗ ನಡುವೆ ಇಳಿಯುವ ಗರಜು ಕಡಿಮೆ. ಸಾಲದ್ದಕ್ಕೆ ಅರಬ್ ದೇಶಗಳು ತೈಲದ ಕೊಳಾಯಿ ಬಿಗಿದದ್ದೂ ಅದೇ ಅಕ್ಟೋಬರ್ ತಿಂಗಳಲ್ಲಿ.

ಈಗ ಒಂದು ಸೋಜಿಗ ಕೇಳಿ. ಅದೇ 1973ರ ಏಪ್ರಿಲ್‌ನಲ್ಲಿ, ಅಂದರೆ ನಾಗಪುರದ ದೀಪ ಆರುವುದಕ್ಕೆ ಆರು ತಿಂಗಳು ಮೊದಲು, ಅಮೆರಿಕದ ಮೆಂಫಿಸ್ ಎಂಬ ಊರಿನಲ್ಲಿ ಫ್ರೆಡ್ ಸ್ಮಿತ್ ಎಂಬ ತರುಣ ಹದಿನಾಲ್ಕು ಸಣ್ಣ ವಿಮಾನ ಇಟ್ಟುಕೊಂಡು ಒಂದು ಕಂಪನಿಯ ಹಾರಾಟ ಶುರುಮಾಡಿದರು. ಮೊದಲ ರಾತ್ರಿ ಸಾಗಿದ್ದು 186 ಪೊಟ್ಟಣ. ಎಲ್ಲ ಊರುಗಳ ಪೊಟ್ಟಣಗಳೂ ರಾತ್ರಿ ಮೆಂಫಿಸ್‌ಗೆ ಬರಬೇಕು, ಅಲ್ಲಿ ವಿಂಗಡಣೆಯಾಗಿ ಬೆಳಗಾಗುವಷ್ಟರಲ್ಲಿ ತಮ್ಮ ಊರಿಗೆ ಹೋಗಬೇಕು. ನಾಗಪುರದ ಲೆಕ್ಕವೇ! ಆ ಕಂಪನಿಯೇ ಫೆಡೆಕ್ಸ್. ಇಂಥದ್ದನ್ನು ಭಾರತದ ಅಂಚೆಯೂ ಫ್ರಾನ್ಸಿನ ಅಂಚೆಯೂ ಮೊದಲೇ ಮಾಡಿದ್ದವೆಂದು ಸ್ಮಿತ್ ಅವರೇ ಮುಂದೆ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ನಾವು ಬಿಟ್ಟ ವಿದ್ಯೆಯಿಂದ ಇನ್ನೊಬ್ಬರು ಜಗತ್ತನ್ನೇ ಸುತ್ತಿದರು.

ಫ್ರಾನ್ಸಿನ ಮಾತು ಬಂತಲ್ಲ, ಒಂದು ಹೋಲಿಕೆ ಹೇಳುತ್ತೇವೆ. ಪಿರನೀಸ್ ಬೆಟ್ಟಗಳ ತಪ್ಪಲಿನಲ್ಲಿ ಪೋ ಎಂಬ ಊರಿದೆ. 1909ರಲ್ಲಿ ವಿಲ್ಬರ್ ರೈಟ್ ಅಲ್ಲಿ ಹಾರುವುದನ್ನು ಕಲಿಸಿದರು. 1939ರ ಮೇ ತಿಂಗಳಲ್ಲಿ ಪ್ಯಾರಿಸ್‌ನಿಂದ ಬೋರ್ದೊ ಮೂಲಕ ಪೋ ಊರಿಗೆ ರಾತ್ರಿ ಅಂಚೆ ವಿಮಾನ ಆರಂಭವಾಯಿತು. ಇಂದು ಅದೊಂದು ಪ್ರಾದೇಶಿಕ ವಿಮಾನ ನಿಲ್ದಾಣ. ಒಂದು ಕಡೆ ಪ್ರಯಾಣಿಕರು, ಇನ್ನೊಂದು ಕಡೆ ಸೈನ್ಯದ ಹೆಲಿಕಾಪ್ಟರ್‌ಗಳು, ಪ್ಯಾರಾಶೂಟ್ ಕಲಿಸುವ ಸೇನಾ ಶಾಲೆ. ಸಾವಿರಾರು ಮೈಲಿ ದೂರದ ಎರಡು ಊರುಗಳು, ಅಂಚೆ ಮತ್ತು ಸೈನ್ಯ ಎರಡನ್ನೂ ಸಾಕಿದವು.

ಗಜರಾಜನ ಜೊತೆ ಒಂದೇ ರನ್‌ವೇ

ಸೋನೆಗಾಂವ್‌ನಲ್ಲಿ ಇಂದು ಇಂಡಿಗೋ ವಿಮಾನದ ಕಿಟಕಿ ಪಕ್ಕ ಕೂತರೆ, ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ದೂರದಲ್ಲಿ ಬೂದು ಬಣ್ಣದ ಭಾರೀ ವಿಮಾನ ಕಾಣಬಹುದು. ಅದು ವಾಯುಪಡೆಯ ಐಎಲ್-76. ನಮ್ಮವರು ಇಟ್ಟ ಹೆಸರು ಗಜರಾಜ. ಡಕೋಟ ಹೊರುತ್ತಿದ್ದದ್ದು ಎರಡು ಮೂರು ಟನ್, ಗಜರಾಜ ಹೊರುವುದು ನಲವತ್ತು ಟನ್‌ಗೂ ಹೆಚ್ಚು. ಇದು 44ನೇ ಸ್ಕ್ವಾಡ್ರನ್‌ನ ವಿಮಾನ. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ಸರ್ಕಾರ ಉರುಳಿಸಲು ಬಂದ ಕೂಲಿ ಸೈನಿಕರನ್ನು ತಡೆಯಲು ಆಗ್ರಾದಿಂದ ನಮ್ಮ ಪ್ಯಾರಾಟ್ರೂಪರ್‌ಗಳನ್ನು ರಾತ್ರೋರಾತ್ರಿ ಹೊತ್ತೊಯ್ದದ್ದು ಇದೇ ಸ್ಕ್ವಾಡ್ರನ್. ವಾಯುಪಡೆಯ ನಿರ್ವಹಣಾ ಕಮಾಂಡ್‌ನ ಕೇಂದ್ರ ಕಚೇರಿಯೂ ನಾಗಪುರದಲ್ಲೇ, ವಾಯುಸೇನಾ ನಗರದಲ್ಲಿದೆ.

ಇಲ್ಲಿ ಕನ್ನಡದ ನಂಟೊಂದಿದೆ. ವಾಯುಪಡೆಗೆ ಏರ್‌ಮನ್ ಆಗಿ ಸೇರುವ ಹುಡುಗ ಪಂಜಾಬಿನವನಿರಲಿ, ಅಸ್ಸಾಮಿನವನಿರಲಿ, ಮೊದಲ ಕವಾಯತು ಕಲಿಯುವುದು ಬೆಳಗಾವಿಯ ಸಾಂಬ್ರಾದ ತರಬೇತಿ ಶಾಲೆಯಲ್ಲಿ. ಜಾಲಹಳ್ಳಿಯಲ್ಲಿ ತಾಂತ್ರಿಕ ವಿದ್ಯೆ ಕಲಿತವರೂ ಬಹಳ. ಹಾಗಾಗಿ ನಾಗಪುರದ ಬಜಾರಿನಲ್ಲಿ ನೀವು ಕನ್ನಡ ಮಾತಾಡುವುದನ್ನು ಕೇಳಿ ಯಾರಾದರೂ ಉತ್ತರದ ಸೈನಿಕರು ತಿರುಗಿ ನೋಡಿ "ಬೆಳಗಾವಿಯವರಾ?" ಎಂದರೆ ಆಶ್ಚರ್ಯ ಬೇಡ.

ಒಂದೇ ರನ್‌ವೇಯನ್ನು ಇಬ್ಬರು ಹಂಚಿಕೊಳ್ಳುವುದು ಕೂಡುಕುಟುಂಬದ ಸಂಸಾರದ ಹಾಗೆ. ಖರ್ಚು ಉಳಿಯುತ್ತದೆ, ಕಷ್ಟಕ್ಕೆ ಒದಗುತ್ತಾರೆ, ಆದರೆ ಯಾರ ಜಾಗ ಎಷ್ಟು ಎಂಬ ಮಾತು ಆಗಾಗ ಬರುತ್ತದೆ. ಕರ್ನಾಟಕದಲ್ಲಿ ಇದರ ಮೂರು ಬಗೆ ನೋಡಿದ್ದೇವೆ. ಬೆಳಗಾವಿಯಲ್ಲಿ ಒಟ್ಟಿಗೇ ಇದ್ದಾರೆ, 2017ರಲ್ಲಿ ಹೊಸ ಟರ್ಮಿನಲ್ ಕೂಡ ಆಯಿತು. ಬೀದರ್‌ನಲ್ಲಿ ವಾಯುಪಡೆಯ ರನ್‌ವೇ ದಶಕಗಳಿಂದ ಇದ್ದರೂ, ಹೈದರಾಬಾದಿನ ಹೊಸ ನಿಲ್ದಾಣದ 150 ಕಿಲೋಮೀಟರ್ ಷರತ್ತಿನ ದೆಸೆಯಿಂದ ಜನಸಾಮಾನ್ಯರ ವಿಮಾನ ಹಾರಲು 2020ರ ಫೆಬ್ರವರಿವರೆಗೆ ಕಾಯಬೇಕಾಯಿತು. ಬೆಂಗಳೂರಿನಲ್ಲಿ ಸಂಸಾರ ಬೇರೆಯೇ ಆಯಿತು. 2008ರ ಮೇ 24ರಂದು ದೇವನಹಳ್ಳಿ ತೆರೆದಾಗ ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕ ವಿಮಾನಗಳು ನಿಂತವು. ಊರೊಳಗಿನ ನಿಲ್ದಾಣ ಉಳಿಸಿ ಎಂದು ಆಗ ಎದ್ದ ಕೂಗು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಮತ್ತೆ ನಡುಮನೆಯ ಕನಸು

ನಾಗಪುರ ಈ ಸಾಮಾನು ಸಾಗಣೆಯ ನಡುಮನೆಯಾಗುವ ಕನಸನ್ನು ಪೂರ್ತಿ ಬಿಡಲಿಲ್ಲ. 2002ರಲ್ಲಿ ಮಹಾರಾಷ್ಟ್ರ ಸರ್ಕಾರ ವಿಮಾನ ನಿಲ್ದಾಣ ಅಭಿವೃದ್ಧಿ ಕಂಪನಿ ಕಟ್ಟಿತು. ಮಿಹಾನ್ ಎಂಬ ಯೋಜನೆ ಬಂತು. ವಿಮಾನ, ರೈಲು, ರಸ್ತೆ ಮೂರೂ ಕೂಡುವ ಸರಕು ಕೇಂದ್ರ, ಎರಡನೆಯ ರನ್‌ವೇ, ಪಕ್ಕದಲ್ಲಿ ಕಾರ್ಖಾನೆಗಳು. 2009ರಲ್ಲಿ ನಿಲ್ದಾಣದ ಆಡಳಿತ ರಾಜ್ಯ ಮತ್ತು ಕೇಂದ್ರದ ಜಂಟಿ ಕಂಪನಿಗೆ ಹೋಯಿತು. ಬೋಯಿಂಗ್ ಕಟ್ಟಿಸಿಕೊಟ್ಟ ವಿಮಾನ ದುರಸ್ತಿ ಕೇಂದ್ರ 2015ರಲ್ಲಿ ಕೆಲಸ ಶುರುಮಾಡಿತು.

ಆದರೆ ಎರಡನೆಯ ರನ್‌ವೇಗೆ ವಾಯುಪಡೆಯ ಜೊತೆ ಜಮೀನು ಅದಲುಬದಲಾಗಬೇಕು. ಆ ಮಾತುಕತೆ ವರ್ಷಗಟ್ಟಲೆ ಎಳೆಯಿತು. ನಿಲ್ದಾಣವನ್ನು ಖಾಸಗಿಯವರಿಗೆ ವಹಿಸುವ ವಿಚಾರವೂ ಕೋರ್ಟು ಮೆಟ್ಟಿಲೇರಿತು. 2019ರಲ್ಲಿ ಜಿಎಂಆರ್ ಕಂಪನಿಗೆ ಆದ ಗುತ್ತಿಗೆ 2020ರಲ್ಲಿ ರದ್ದಾಯಿತು. 2021ರಲ್ಲಿ ಹೈಕೋರ್ಟು, 2022ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟವು. 2024ರ ಸೆಪ್ಟೆಂಬರ್‌ನಲ್ಲಿ ಕೊನೆಯ ಅರ್ಜಿಯೂ ಮುಗಿದು, ಅಕ್ಟೋಬರ್ 9ರಂದು ವಿಸ್ತರಣೆಗೆ ಶಂಕುಸ್ಥಾಪನೆಯಾಯಿತು.

ಈ ತಾರೀಕುಗಳ ನಡುವೆ ಮರೆಯಾಗುವ ಒಂದು ಹೆಸರಿದೆ: ಶಿವಣಗಾಂವ್. ನಿಲ್ದಾಣದ ಬೇಲಿಗೆ ಅಂಟಿಕೊಂಡ ಹಳ್ಳಿ. ಮಿಹಾನ್‌ಗಾಗಿ ಜಮೀನು ಹೋದ ಊರುಗಳಲ್ಲಿ ಅದೂ ಒಂದು. ಅಲ್ಲಿನವರು ಪರಿಹಾರಕ್ಕೆ, ಹೊಸ ಮನೆ ಜಾಗಕ್ಕೆ ವರ್ಷಾನುಗಟ್ಟಲೆ ಕಾದರು. ದೇವನಹಳ್ಳಿ ಸುತ್ತಲಿನ ರೈತರ ಪಾಡು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಲ್ದಾಣ ಯಾರದು? ಸೈನ್ಯದ್ದೇ, ಪ್ರಯಾಣಿಕರದ್ದೇ, ಕಂಪನಿಯದ್ದೇ ಎಂದು ದೊಡ್ಡವರು ವಾದ ಮಾಡುವಾಗ, ಮೊದಲು ಅದು ಯಾರದೋ ಜೋಳದ ಹೊಲವಾಗಿತ್ತು ಎನ್ನುವುದನ್ನು ಯಾರಾದರೂ ಹೇಳಬೇಕಲ್ಲ?

1949ರಲ್ಲಿ ನಾಗಪುರದ ಆ ರಾತ್ರಿಗಳಿಗೆ ಹೊಸ ಜಮೀನು ಬೇಕಿರಲಿಲ್ಲ. ಯುದ್ಧ ಬಿಟ್ಟುಹೋದ ರನ್‌ವೇ, ಯುದ್ಧ ಬಿಟ್ಟುಹೋದ ವಿಮಾನ, ಒಂದು ಸರಳ ಲೆಕ್ಕ. ಇಷ್ಟರಲ್ಲೇ ದೇಶದ ನಾಲ್ಕು ದಿಕ್ಕಿನ ಜನರನ್ನು ಒಂದು ರಾತ್ರಿಯ ದೂರಕ್ಕೆ ತಂದರು. ಸೈನ್ಯಕ್ಕೆಂದು ಮಾಡಿದ್ದು ಸಾಮಾನ್ಯರ ಕಾಗದಕ್ಕೆ ಒದಗಿತು. ಮುಂದೆ ಕಟ್ಟುವವರು ಈ ಪಾಠವನ್ನೂ ನೋಡಲಿ ಎಂಬುದಷ್ಟೇ ನಮ್ಮ ಆಸೆ.

ಮುಂದಿನ ಸಲ ನೀವು ನಾಗಪುರದ ಮೇಲೆ ರಾತ್ರಿ ಹಾರುವಾಗ ಕಿಟಕಿಯಿಂದ ಕೆಳಗೆ ನೋಡಿ. ಆ ದೀಪಗಳ ನಡುವೆ ಎಲ್ಲೋ ನಿಮ್ಮ ತಂದೆಯೋ ಅಜ್ಜನೋ ಬರೆದ ಕಾಗದವೊಂದು ಕೈಯಿಂದ ಕೈಗೆ ದಾಟಿರಬಹುದು. ಮನೆಯ ಹಳೆಯ ಟ್ರಂಕಿನಲ್ಲಿ 1949ರಿಂದ 1973ರ ನಡುವಿನ ಕಾಗದಗಳಿದ್ದರೆ ತೆಗೆದು ಮುದ್ರೆ ನೋಡಿ. ಹೊರಟ ತಾರೀಕು, ತಲುಪಿದ ತಾರೀಕು ಎರಡೂ ಇದ್ದರೆ ಎಷ್ಟು ದಿನ ಹಿಡಿಯಿತೆಂದು ಎಣಿಸಿ, ನಮಗೂ ಬರೆದು ತಿಳಿಸಿ. ನಿಮ್ಮ ನೆನಪುಗಳನ್ನು ಕನ್ನಡ ಕಾರ್ಯಕ್ರಮದಲ್ಲಿ ಓದುವ ಸಂತೋಷ ನಮ್ಮದಾಗಲಿ.

ಮತ್ತೆ ಸಿಗೋಣ. ಅಲ್ಲಿಯವರೆಗೆ, ಕೇಳುತ್ತಾ ಇರಿ.